ಬೆಂಚಿನ ಮೇಲಿನ ಕಪ್ಪು ಗೆರೆ

ಈ ತೇಗದ ಬೆಂಚಿನ ಕೈಯಾಸರೆಯನ್ನು ಹತ್ತಿರದಿಂದ ನೋಡಿ. ಸ್ಕ್ರೂವಿನ ತಲೆಯಿಂದ ಕೆಳಗಿಳಿದಿರುವ ನೀಲಿಗಪ್ಪು ಗೆರೆ ಕಾಣಿಸುತ್ತಿದೆಯಲ್ಲ, ಅದು ಕೊಳೆಯಲ್ಲ. ಸೋಪು ಹಾಕಿ ಎಷ್ಟು ಉಜ್ಜಿದರೂ ಹೋಗಲಿಲ್ಲ. ಮರದೊಳಗಿನ ಟ್ಯಾನಿನ್ ಎಂಬ ಒಗರು ಪದಾರ್ಥ ಮಳೆನೀರಿನಲ್ಲಿ ಕಬ್ಬಿಣದೊಂದಿಗೆ ಕೂಡಿದಾಗ ಹುಟ್ಟುವ ಬಣ್ಣವಿದು. ಯೂರೋಪಿನಲ್ಲಿ ಶತಮಾನಗಳ ಕಾಲ ಬರೆಯುವ ಶಾಯಿಯನ್ನು ಮಾಡುತ್ತಿದ್ದದ್ದೂ ಇವೆರಡರಿಂದಲೇ. ಅಳಿಸಲು ಕಷ್ಟವಾದದ್ದರಲ್ಲಿ ಆಶ್ಚರ್ಯವಿಲ್ಲ.

ತಪ್ಪು ನನ್ನದು. ಎರಡು ವರ್ಷಗಳ ಹಿಂದೆ, ಹೊಳೆಯುತ್ತಿವೆಯೆಂದು ಸತುವಿನ ತೆಳು ಲೇಪದ ಸ್ಕ್ರೂಗಳನ್ನು ಹಾಕಿದ್ದೆ. ಆ ಲೇಪ ಸಾಮಾನ್ಯವಾಗಿ 5ರಿಂದ 12 ಮೈಕ್ರಾನ್ ಅಷ್ಟೇ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ಬಿಗಿಯುವಾಗ ಸ್ಕ್ರೂಡ್ರೈವರಿನ ತುದಿ ಉಜ್ಜಿದರೂ ಕಿತ್ತುಬರುತ್ತದೆ. ಕರಗಿದ ಸತುವಿನಲ್ಲಿ ಅದ್ದಿ ತೆಗೆದವು ಬೇರೆ. ಅವುಗಳ ಲೇಪ ಹಲವು ಪಟ್ಟು ದಪ್ಪ, ಬೇಲಿಗೆ ಧಾರಾಳವಾಗಿ ಸಾಕು. ಮನೆಯೊಳಗಿನ ಜಿಪ್ಸಮ್ ಹಲಗೆಗಳಿಗೆ ಹಾಕುವ ಕಪ್ಪು ಡ್ರೈವಾಲ್ ಸ್ಕ್ರೂ ಮಾತ್ರ ಬಯಲಿಗೆ ಬೇಡವೇ ಬೇಡ.

ಈ ಸಲ ಸ್ಟೇನ್‌ಲೆಸ್ ಸ್ಟೀಲ್ ತಂದಿದ್ದೇನೆ. ಪೆಟ್ಟಿಗೆಯ ಮೇಲೆ ಎ2 ಎಂದಿದ್ದರೆ 304 ಎಂಬ ದರ್ಜೆಯ ಸ್ಟೀಲಿನ ಜಾತಿ, ಎ4 ಎಂದಿದ್ದರೆ 316 ಎಂಬ ದರ್ಜೆಯ ಜಾತಿ. ಎ4ರಲ್ಲಿ ಮಾಲಿಬ್ಡಿನಮ್ ಎಂಬ ಲೋಹ ಬೆರೆತಿರುವುದರಿಂದ ಉಪ್ಪಿನ ಹೊಡೆತವನ್ನು ಹೆಚ್ಚು ತಾಳುತ್ತದೆ. ಕಡಲ ಗಾಳಿ ಬೀಸುವ ಕಡೆ ದುಡ್ಡು ಹೆಚ್ಚಾದರೂ ಅದನ್ನೇ ಕೊಳ್ಳಿ.

ಆದರೆ ತುಕ್ಕು ಹಿಡಿಯದ ಈ ಲೋಹ, ಗಡಸು ಮಾಡಿದ ಉಕ್ಕಿಗಿಂತ ಮೃದು. ಆತುರದಿಂದ ತಿರುಗಿಸಿ ಮೊದಲ ದಿನವೇ ಮೂರು ಸ್ಕ್ರೂಗಳ ಕುತ್ತಿಗೆ ಮುರಿದೆ. ಒಂದರ ಬುಡ ಇನ್ನೂ ಬೆಂಚಿನ ಆ ಕಾಲಿನೊಳಗೇ ಇದೆ. ಈಗ ಮೊದಲು ತೂತು ಕೊರೆಯುತ್ತೇನೆ. ತೂತು ಕೊರೆಯುವ ಡ್ರಿಲ್ ಬಿಟ್ಟಿನ ಅಳತೆ ತಿಳಿಯಲು ಹೀಗೆ ಅದನ್ನು ಸ್ಕ್ರೂವಿನ ಮುಂದೆ ಹಿಡಿದು ಬೆಳಕಿಗೆ ನೋಡಿ: ಸ್ಕ್ರೂವಿನ ನಡುಕಡ್ಡಿ ಮರೆಯಾಗಬೇಕು, ಥ್ರೆಡ್ಡು ಮಾತ್ರ ಎರಡೂ ಪಕ್ಕ ಇಣುಕಬೇಕು. ಥ್ರೆಡ್ಡಿಗೆ ಮೇಣದಬತ್ತಿ ಸವರಿಕೊಳ್ಳಿ. ಕೊನೆಯ ಎರಡು ಸುತ್ತು ಯಂತ್ರ ಬಿಟ್ಟು ಕೈಯಿಂದಲೇ ತಿರುಗಿಸಿ. ಮರ ಬಿಗಿದುಕೊಳ್ಳುವುದು ಅಂಗೈಗೆ ತಿಳಿಯುತ್ತದೆ.

ಜೋಡಿಸುವ ಎರಡು ಮರಗಳಲ್ಲಿ ಮೇಲಿನದರ ತೂತು ತುಸು ಸಡಿಲವಾಗಿರಲಿ. ಮಳೆಗೆ ಹಿಗ್ಗಿ ಬಿಸಿಲಿಗೆ ಕುಗ್ಗುವ ಮರಕ್ಕೆ ಅಲುಗಾಡಲು ಜಾಗ ಬೇಕು, ಇಲ್ಲದಿದ್ದರೆ ಅದು ಸೀಳುತ್ತದೆ. ಭಾರ ಹೊರುವ ಕಾಲುಗಳಿಗೆ ಸ್ಕ್ರೂವಿಗಿಂತ ಮರದ ಈಚೆಯಿಂದ ಆಚೆಗೆ ಹಾಯುವ ಬೋಲ್ಟು, ವಾಷರು ಮೇಲು.

ಹಳೆಯ ಸ್ಕ್ರೂಗಳನ್ನೆಲ್ಲ ತೆಗೆದ ಮೇಲೆ, ಕೈಗವಸು ಹಾಕಿಕೊಂಡು ಕಲೆಗೆ ಆಕ್ಸಾಲಿಕ್ ಆಮ್ಲದ ನೀರನ್ನು ಸವರಿದೆ. ಅಗೋ, ಗೆರೆಯ ಅಂಚು ತಿಳಿಯಾಗುತ್ತಿದೆ.