ಟಾಹೋ: ದಡದಿಂದ ಎರಡು ಹೆಜ್ಜೆಗೇ ಆಳ

ಈಗ ನೋಡ್ತಿರೋದು ಸಮುದ್ರ ಅಲ್ಲ, ಅಮೆರಿಕದ ಟಾಹೋ ಸರೋವರ, ಪೂರ್ತಿ ಸಿಹಿನೀರು. ಉದ್ದ 35 ಕಿ.ಮೀ., ಆಳ 501 ಮೀಟರ್. ಕ್ಯಾಲಿಫೋರ್ನಿಯಾ–ನೆವಾಡಾ ಗಡಿ ಈ ನೀರಿನ ಮೇಲೇ ಹಾದುಹೋಗುತ್ತೆ. 63 ತೊರೆಗಳು ಬಂದು ಸೇರ್ತವೆ, ಹೊರಗೆ ಹೋಗೋದು ಒಂದೇ ನದಿ, ಟ್ರಕೀ.

ಬೇಸಿಗೆ ಕಳೆಯೋಕೆ ಇಲ್ಲಿಗೆ ಬರೋದನ್ನ ಶುರು ಮಾಡಿದ್ದು ಇಲ್ಲಿನ ಮೂಲನಿವಾಸಿಗಳಾದ ವಾಶೋ ಜನ, ಸಾವಿರಾರು ವರ್ಷಗಳ ಹಿಂದೆ. ರಜೆಗೆ ಅಂತ ಜನ ಬಂದಿದ್ದು ಬಹಳ ತಡವಾಗಿ, ಅದೂ ಮರ ಕಡಿಯೋರ ದೆಸೆಯಿಂದ. 1859ರಲ್ಲಿ ನೆವಾಡಾದ ವರ್ಜೀನಿಯಾ ಸಿಟಿ ಕಡೆ ಬೆಳ್ಳಿ ಸಿಕ್ತು. ಗಣಿ ಕುಸಿಯದ ಹಾಗೆ ಆಸರೆ ಕೊಡೋಕೆ ಮರ ಬೇಕು. ಸುತ್ತಲಿನ ಕಾಡು ಬೋಳಾಯ್ತು. ಮರ ಮುಗಿದ ಮೇಲೆ ಮರದ ವ್ಯಾಪಾರಿ ಡ್ವೇನ್ ಬ್ಲಿಸ್ ಪೂರ್ವ ದಡದ ಗ್ಲೆನ್‌ಬ್ರೂಕ್‌ನಲ್ಲಿದ್ದ, ಮರ ಸಾಗಿಸೋ ರೈಲಿನ ಹಳಿಗಳನ್ನೇ ಕಿತ್ತು, ದೋಣಿ ಮೇಲೆ ಆಚೆ ದಡಕ್ಕೆ ಸಾಗಿಸಿದ್ರು. 1900ರಿಂದ ಅದೇ ಹಳಿ ಮೇಲೆ ಟ್ರಕೀ ಊರಿಂದ ದಡದ ಟಾಹೋ ಸಿಟಿಗೆ ಪ್ರವಾಸಿಗರ ರೈಲು. ಭಲೇ ಲೆಕ್ಕಾಚಾರ!

ಅವರದೇ ಇನ್ನೊಂದು, 'ಟಾಹೋ' ಅನ್ನೋ ಉಗಿಹಡಗು. ಉದ್ದ 169 ಅಡಿ. ಬಿಡಿಭಾಗಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಬಂದು, ಇಲ್ಲೇ ಜೋಡಣೆಯಾಗಿ, 1896ರಲ್ಲಿ ನೀರಿಗಿಳೀತು. ಜನ, ಟಪಾಲು, ದಿನಸಿ ಎಲ್ಲಾ ಅದರಲ್ಲೇ. ಸುತ್ತ ರಸ್ತೆ ಬಂತು, ಕಾರು ಬಂತು, 1934ರಲ್ಲಿ ಟಪಾಲಿನ ಗುತ್ತಿಗೆಯೂ ಹೋಯ್ತು. 1940ರಲ್ಲಿ ಗ್ಲೆನ್‌ಬ್ರೂಕ್ ಹತ್ರ ಬೇಕಂತಲೇ ಮುಳುಗಿಸಿದ್ರು. ಗಾಜಿನ ತಳದ ದೋಣಿಯಿಂದ ಪ್ರವಾಸಿಗರು ಅದನ್ನ ನೋಡ್ಲಿ ಅನ್ನೋದು ಯೋಚನೆ. ಆದ್ರೆ ತಳ ಇಳಿಜಾರು; ಹಡಗು ಜಾರಿ ನೂರು ಮೀಟರಿಗಿಂತ ಕೆಳಗೆ ಹೋಯ್ತು. ದೋಣಿಯಿಂದ ಯಾರ ಕಣ್ಣಿಗೂ ಬೀಳಲಿಲ್ಲ.

ಆ ಇಳಿಜಾರೇ ಇವತ್ತಿಗೂ ಅಪಾಯ. ಭೂಮಿ ಬಿರುಕುಬಿಟ್ಟು ಕುಸಿದಾಗ ಆದ ಕೊಳ್ಳ ಇದು. ಎಷ್ಟೋ ಕಡೆ ಮಂಡಿಯುದ್ದ ನೀರಿನ ಪಕ್ಕದಲ್ಲೇ ನೆಲ ಸಿಗಲ್ಲ. ಆಗಸ್ಟ್‌ನಲ್ಲೂ ಬೆಚ್ಚಗಿರೋದು ಮೇಲ್ಪದರ ಮಾತ್ರ. ತಣ್ಣೀರಿಗೆ ದಿಢೀರ್ ಬಿದ್ರೆ ಮೊದಲ ಒಂದು ನಿಮಿಷ ಉಸಿರು ತಾನಾಗೇ ಏದುಸಿರಾಗುತ್ತೆ, ಆಗ ತಲೆ ನೀರೊಳಗಿದ್ರೆ ಮುಗೀತು. ಬಿದ್ದ ತಕ್ಷಣ ಈಜೋಕೆ ಹೋಗ್ಬೇಡಿ, ಅಂಗಾತ ತೇಲಿ, ಉಸಿರು ಹಿಡಿತಕ್ಕೆ ಬಂದ ಮೇಲೆ ಕೈಕಾಲು ಆಡಿಸಿ.

ಪ್ಯಾಡಲ್ ಬೋರ್ಡ್ (ನಿಂತು ಹುಟ್ಟು ಹಾಕೋ ತೇಲುಹಲಗೆ) ಆದ್ರೆ ಬೆಳಿಗ್ಗೆಯೇ ಹೊರಡಿ. ಮಧ್ಯಾಹ್ನ ನೈಋತ್ಯದ ಗಾಳಿ ಎದ್ದರೆ ಬೋರ್ಡ್ ನಡುನೀರಿಗೆ ಹೋಗುತ್ತೆ, ಎಷ್ಟು ಹುಟ್ಟು ಹಾಕಿದ್ರೂ ದಡ ಹತ್ರ ಆಗಲ್ಲ. ಬೋರ್ಡಿಗೆ ಜೋಡಿಸಿದ ಹಗ್ಗ, ಅಂದ್ರೆ ಲೀಶ್, ಕಾಲಿಗೆ ಕಟ್ಟಿ. ಲೈಫ್ ಜಾಕೆಟ್ ಬೋರ್ಡ್ ಮೇಲಲ್ಲ, ಮೈಮೇಲಿರ್ಲಿ.

ಸ್ವಂತ ಮೋಟಾರ್ ಬೋಟ್ ತಂದ್ರೆ ತಪಾಸಣೆ ಕಡ್ಡಾಯ. ಬೇರೆ ಕೆರೆಯಿಂದ, ಬೇಗ ಹಬ್ಬಿ ಕೆರೆ ಕೆಡಿಸೋ ಕ್ವಾಗ್ಗಾ ಚಿಪ್ಪುಹುಳುವಿನ ಮರಿ ಬಂದುಬಿಟ್ರೆ ಕಣ್ಣಿಗೂ ಕಾಣಲ್ಲ. ಹೊರಮೈ ಒರೆಸಿದ್ರೆ ಸಾಲದು, ಬ್ಯಾಲಸ್ಟ್ ಟ್ಯಾಂಕ್ (ಬೋಟಿಗೆ ಭಾರ ಕೊಡೋಕೆ ನೀರು ತುಂಬೋ ತೊಟ್ಟಿ), ತಳದ ಗುಂಡಿ, ಎಂಜಿನ್ ಎಲ್ಲಾ ಖಾಲಿ ಮಾಡಿ ಒಣಗಿಸಿ ತನ್ನಿ. ಬ್ಯಾಲಸ್ಟ್ ಟ್ಯಾಂಕಿನ ತಳದಲ್ಲಿ ಉಳಿದ ನೀರಿಂದಲೂ ತಪಾಸಣೆಯಲ್ಲಿ ಸಿಕ್ಕಿಹಾಕಿಕೊಳ್ಳಬಹುದು.