ಐದು ನಿಮಿಷದ ಆಟದಲ್ಲಿ ನಮ್ಮಪ್ಪ

ಈಗ ನೀವು ನೋಡ್ತಿರೋದು ಸಾಗರದ ನಮ್ಮ ಮನೆ ಜಗಲಿ. ಬೆಳಿಗ್ಗೆಯಿಂದ ಮಳೆ ಬಿಟ್ಟಿಲ್ಲ, ಹಿಂದೆ ಕೇಳ್ತಿರೋ ಸದ್ದು ಅದೇ. ಕಂಬಕ್ಕೆ ಒರಗಿ ಕೂತವರು ನಮ್ಮಪ್ಪ. ಮೂಗಿನ ತುದಿಯಲ್ಲಿ ಕನ್ನಡಕ, ಕೈಯಲ್ಲಿ ಫೋನು. ಯಾವುದೋ ದೇಶದಲ್ಲಿ ಕೂತ ಯಾರೋ ಒಬ್ಬರು ಈಗ ಅಪ್ಪನ ಜೊತೆ ಐದು ನಿಮಿಷದ ಚೆಸ್ ಆಡ್ತಿದಾರೆ.

ಅಪ್ಪ ಮೂವತ್ತು ವರ್ಷ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆದವರು. ಕೆಲಸ ಬಿಟ್ಟ ಮೇಲೆ ಹೊತ್ತು ಹೋಗ್ಲಿ ಅಂತ ಅವರ ಫೋನಿಗೆ ಲಿಚೆಸ್ ಅನ್ನೋ ಚೆಸ್ ಆಪ್ ಹಾಕಿಕೊಟ್ಟವಳು ನಾನೇ. ಅದು ದುಡ್ಡು ಕೇಳಲ್ಲ, ಜಾಹೀರಾತು ತೋರಿಸಲ್ಲ, ಅಪ್ಪನಿಗೆ ಅಷ್ಟೇ ಸಾಕಿತ್ತು. ಹೋದ ವಾರ ಫೋನ್ ಮಾಡಿದಾಗ ಅಂದ್ರು: "ಪುಟ್ಟಿ, ರೇಟಿಂಗ್ 1300ರ ಹತ್ತಿರ ಬರುತ್ತೆ, ಮತ್ತೆ ಜಾರುತ್ತೆ. ನೀನು ಶಾಲೆಯಲ್ಲಿ ಟೂರ್ನಮೆಂಟ್ ಆಡಿದವಳು. ಊರಿಗೆ ಬಂದಾಗ ನನ್ನ ಆಟ ಒಂದಿಷ್ಟು ನೋಡು. ಎಲ್ಲಿ ತಪ್ಪುತ್ತೆ ಅಂತ ಹೇಳು." ಅಪ್ಪ ನನ್ನ ಹತ್ತಿರ ಹೇಳಿಕೊಡು ಅಂತ ಕೇಳಿದ್ದು ಇದೇ ಮೊದಲು. ಅದಕ್ಕೇ ಎರಡು ರಾತ್ರಿ ಕೂತು ಅವರ ಕೊನೆಯ 40 ಆಟಗಳನ್ನ ಒಂದೊಂದೇ ನಡೆಯಾಗಿ ನೋಡಿದೆ.

ಕಂಪ್ಯೂಟರ್ ವಿಶ್ಲೇಷಣೆ ಹಾಕಿದರೆ ಎಲ್ಲಿ ತಪ್ಪಾಯ್ತು ಅನ್ನೋದು ಕ್ಷಣದಲ್ಲಿ ಗೊತ್ತಾಗುತ್ತೆ. ಯಾಕೆ ಆಯ್ತು ಅಂತ ಅದು ಹೇಳಲ್ಲ. ಅದು ನನಗೆ ಹೊಳೆದಿದ್ದು ಎರಡನೇ ರಾತ್ರಿ. ಅಪ್ಪನ ಬಿಳಿ ಕಾಯಿ ಆಟಗಳೆಲ್ಲ ಒಂದೇ ಥರ ಶುರುವಾಗ್ತಿದ್ವು. ಇ3, ಡಿ3, ಬಿ3. ಅಕ್ಷರ ಉದ್ದ ಸಾಲಿನ ಹೆಸರು, ಅಂಕಿ ಆ ಸಾಲಿನ ಎಷ್ಟನೇ ಮನೆ ಅನ್ನೋದು. ಒಂದು ಕಾಲಾಳೂ ಎರಡು ಮನೆ ಹೋಗಿಲ್ಲ. ಬೆಳಿಗ್ಗೆ ಕಾಫಿ ಹೊತ್ತಲ್ಲಿ ಕೇಳಿದೆ: "ಅಪ್ಪ, ಮೊದಲ ಸಲ ಕಾಲಾಳನ್ನ ಎರಡು ಮನೆ ನಡೆಸಬಹುದು ಅಂತ ನಿಮಗೆ ಗೊತ್ತಲ್ವಾ?"

"ಗೊತ್ತು. ಆದ್ರೆ ಕೈ ಬರಲ್ಲ," ಅಂದ್ರು.

ಅಪ್ಪನಿಗೆ ಚದುರಂಗ ಕಲಿಸಿದವರು ನಮ್ಮಜ್ಜ. ಇದೇ ಜಗಲಿ, ಇದೇ ಮಳೆಗಾಲ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ 64 ಮನೆ. ಅಜ್ಜ ಆಡ್ತಿದ್ದದ್ದು ನಮ್ಮ ದೇಶದ ಹಳೇ ನಿಯಮದ ಆಟ. ಅದರಲ್ಲಿ ಕಾಲಾಳು ಯಾವಾಗಲೂ ಒಂದೇ ಮನೆ. ಕ್ಯಾಸಲಿಂಗ್, ಅಂದ್ರೆ ಒಂದೇ ನಡೆಯಲ್ಲಿ ರಾಜನನ್ನ ಎರಡು ಮನೆ ಸರಿಸಿ ಆನೆಯನ್ನ ಅವನ ಆಚೆ ಪಕ್ಕಕ್ಕೆ ಇಡೋದು, ಅದರಲ್ಲಿ ಇಲ್ಲ. ಅದರ ಬದಲು ರಾಜ ಇಡೀ ಆಟದಲ್ಲಿ ಒಂದೇ ಒಂದು ಸಲ ಕುದುರೆ ಥರ ಹಾರಬಹುದು, ಅದೂ ಅಲ್ಲಿವರೆಗೆ ಚೆಕ್ ಬಿದ್ದಿರದಿದ್ದರೆ. ಕಾಲಾಳು ಆ ತುದಿ ಮುಟ್ಟಿದರೆ ಬೇಕಾದ ಕಾಯಿ ಸಿಗಲ್ಲ, ಯಾವ ಮನೆ ಮುಟ್ಟಿತೋ ಆ ಮನೆಯ ಕಾಯಿ. ಆನೆ ಮನೆ ಮುಟ್ಟಿದರೆ ಆನೆ, ಒಂಟೆ ಮನೆ ಮುಟ್ಟಿದರೆ ಒಂಟೆ.

ಈ ಒಂದು ವಿಷಯ ಗೊತ್ತಾದ ಮೇಲೆ 40 ಆಟಗಳನ್ನೂ ಇನ್ನೊಂದು ಸಲ ತೆರೆದು ನೋಡಿದೆ. ಅಪ್ಪ ಗೆಲ್ಲೋದಕ್ಕೂ ಸೋಲೋದಕ್ಕೂ ಅಜ್ಜನ ಆಟವೇ ಕಾರಣ.

ಮೊದಲು ಗೆಲ್ಲೋ ಕಡೆ ಹೇಳ್ತೀನಿ, ಯಾಕಂದ್ರೆ ಅದನ್ನ ನೋಡಿ ನನಗೆ ನಿಜವಾಗ್ಲೂ ಹೆಮ್ಮೆ ಆಯ್ತು. ಒಂದು ಆಟದಲ್ಲಿ ಇಬ್ಬರಿಗೂ ಒಂದೊಂದು ಕುದುರೆ, ನಾಲ್ಕು ನಾಲ್ಕು ಕಾಲಾಳು. ನಾನಾಗಿದ್ದರೆ ಕುದುರೆ ಇಟ್ಟುಕೊಂಡು ತಡಕಾಡ್ತಿದ್ದೆ. ಅಪ್ಪ ಎರಡೇ ಸೆಕೆಂಡಲ್ಲಿ ಕುದುರೆಗೆ ಕುದುರೆ ಹೊಡೆದು ಹಾಕಿದ್ರು. ಆಮೇಲೆ ಎ ಸಾಲಿನ ಕಾಲಾಳನ್ನ ಓಡಿಸಿದ್ರು. ಎದುರಾಳಿಯ ರಾಜ ಬೆನ್ನಟ್ಟಿ ಬಂದ, ಒಂದು ಹೆಜ್ಜೆ ತಡವಾಯ್ತು. ಕಾಲಾಳಿನಿಂದ ಕೊನೆಯ ಸಾಲಿನವರೆಗೆ ಮನಸ್ಸಲ್ಲೇ ಒಂದು ಚೌಕ ಎಳೆದು, ರಾಜ ಅದರೊಳಗೆ ಕಾಲಿಡೋಕೆ ಆಗುತ್ತಾ ನೋಡಬೇಕು ಅಂತ ನಮಗೆ ಕೋಚಿಂಗಲ್ಲಿ ಹೇಳಿಕೊಟ್ಟಿದ್ರು. ಅಪ್ಪನಿಗೆ ಚೌಕ ಗೊತ್ತಿಲ್ಲ. "ಅವನಿಗೆ ಐದು ಹೆಜ್ಜೆ, ನನಗೆ ನಾಲ್ಕು. ಮಂಡಿಯಲ್ಲಿ ಮೂಟೆ ಎಣಿಸಿದ ಹಾಗೆ ಎಣಿಸಿದೆ," ಅಂದ್ರು.

ಇದಕ್ಕೆ ಕಾರಣ ಇದೆ. ಶುರುವಿನ ಮನೆ ಬಿಟ್ಟ ಕಾಲಾಳು ಎರಡೂ ನಿಯಮದಲ್ಲಿ ಒಂದೊಂದೇ ಹೆಜ್ಜೆ. ಕೊನೆಯಲ್ಲಿ ಉಳಿಯೋದು ರಾಜ, ಕಾಲಾಳು, ಎಣಿಕೆ. ಅಲ್ಲಿಗೆ ಬಂದರೆ ಅಪ್ಪನಿಗೆ ತವರುಮನೆಗೆ ಬಂದ ಹಾಗೆ.

ಮೀರ್ ಸುಲ್ತಾನ್ ಖಾನ್ ಹೆಸರು ಕೇಳಿದೀರಾ? ಪಂಜಾಬಿನವರು. ಹಳೇ ನಿಯಮದಲ್ಲೇ ಆಡಿ ಬೆಳೆದವರು, ಪಾಶ್ಚಾತ್ಯ ನಿಯಮ ಕಲಿತದ್ದು ದೊಡ್ಡವರಾದ ಮೇಲೆ. ಹಾಗಿದ್ದೂ 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. 1930–31ರ ಹೇಸ್ಟಿಂಗ್ಸ್ ಟೂರ್ನಮೆಂಟಿನಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ಅವರನ್ನೇ ಸೋಲಿಸಿದರು. ಅವರ ಬಗ್ಗೆ ಎಲ್ಲರೂ ಹೇಳೋದೂ ಇದನ್ನೇ: ಆರಂಭದಲ್ಲಿ ತಡವರಿಕೆ, ಕೊನೆಯ ಆಟದಲ್ಲಿ ಗಟ್ಟಿ. ವಿಶ್ವ ಚೆಸ್ ಸಂಸ್ಥೆ ಫಿಡೆ ಅವರಿಗೆ ಗೌರವ ಗ್ರಾಂಡ್‌ಮಾಸ್ಟರ್ ಪಟ್ಟ ಕೊಟ್ಟದ್ದು 2024ರಲ್ಲಿ, ಅವರು ತೀರಿಹೋಗಿ ಎಷ್ಟೋ ದಶಕ ಆದ ಮೇಲೆ. ಈ ಕಥೆ ಹೇಳಿದಾಗ ಅಪ್ಪ ತುಂಬ ಹೊತ್ತು ಮಾತಾಡಲಿಲ್ಲ.

ಕುದುರೆ ವಿಷಯದಲ್ಲೂ ಅಪ್ಪನ ಕಣ್ಣು ಚುರುಕು. ಬ್ಲಿಟ್ಜ್‌ನಲ್ಲಿ, ಅಂದ್ರೆ ಇಂಥ ಕೆಲವೇ ನಿಮಿಷದ ಆಟದಲ್ಲಿ, ಒಂಟೆ, ಆನೆ ಬರೋ ದಾರಿ ಕಾಣುತ್ತೆ, ಕುದುರೆ ಹಾರೋದು ಮಾತ್ರ ಕಣ್ಣು ತಪ್ಪಿಸುತ್ತೆ. ಅಪ್ಪ ಒಂದೇ ಹಾರಿಕೆಯಲ್ಲಿ ರಾಜನಿಗೂ ಆನೆಗೂ ಗುರಿ ಇಡೋದನ್ನ ನಾನು ಈ ಆಟಗಳಲ್ಲೇ ಆರು ಸಲ ನೋಡಿದೆ.

ಇನ್ನು ಸೋಲು. ಅಪ್ಪನ ರಾಜ ಮನೆ ಬಿಟ್ಟು ಹೋಗಲ್ಲ. ಸೋತ ಆಟಗಳಲ್ಲಿ ಮುಕ್ಕಾಲು ಪಾಲಿನಲ್ಲಿ ಕ್ಯಾಸಲಿಂಗೇ ಇಲ್ಲ. ಎದುರಾಳಿ ನಡುವಿನ ಕಾಲಾಳುಗಳನ್ನ ಹೊಡೆದಾಡಿಸಿ ಇ ಸಾಲು ತೆರೀತಾನೆ, ಆನೆ ತಂದು ಅಲ್ಲಿ ಕೂರಿಸ್ತಾನೆ. ಅಪ್ಪನ ರಾಜ ಎದುರಿಗೇ ಇರ್ತಾನೆ. ರಾಜನ ಮುಂದಿರೋ ಕಾಯಿ ಅಲ್ಲಾಡೋ ಹಾಗಿಲ್ಲ, ಅದರ ಮೇಲೆ ಇನ್ನೊಂದು ಕಾಯಿ ಬೀಳುತ್ತೆ, 20ನೇ ನಡೆ ಹೊತ್ತಿಗೆ ಆಟ ಮುಗಿದಿರುತ್ತೆ.

ನಿನ್ನೆ ಒಂದು ಘಟನೆ ಆಯ್ತು. ನಾನು ಪಕ್ಕದಲ್ಲೇ ಕೂತಿದ್ದೆ. ಎದುರಾಳಿಯ ಮಂತ್ರಿ ಒಳಗೆ ನುಗ್ತಾ ಇದ್ದ. ಅಪ್ಪನ ಬೆರಳು ಇ1ರಲ್ಲಿದ್ದ ರಾಜನನ್ನ ಮುಟ್ಟಿ ಜಿ2 ಮನೆ ಒತ್ತಿತು. ರಾಜ ಕದಲಲಿಲ್ಲ. ಮತ್ತೆ ಒತ್ತಿದ್ರು. ನನಗೆ ಒಂದು ಕ್ಷಣ ಅರ್ಥ ಆಗಲಿಲ್ಲ, ಆಮೇಲೆ ಎದೆಯೊಳಗೆ ಏನೋ ಆಯ್ತು. ಇ1ರಿಂದ ಜಿ2 ಅಂದ್ರೆ ಕುದುರೆಯ ಹಾರಿಕೆ. ಅಜ್ಜ ಕೊಟ್ಟ ಆ ಒಂದು ಹಾರಿಕೆಯನ್ನ ಅಪ್ಪ ಅರವತ್ತು ವರ್ಷ ಆದ್ಮೇಲೂ ಕೈಯಲ್ಲಿ ಇಟ್ಟುಕೊಂಡಿದಾರೆ. ಯೋಚಿಸೋಕೆ ಹೊತ್ತಿದ್ದರೆ ಹಾಗೆ ಮಾಡ್ತಿರಲಿಲ್ಲ. ಗಡಿಯಾರ ಓಡುವಾಗ ಆಡೋದು ತಲೆ ಅಲ್ಲ, ಕೈ. ಕೈಗೆ ಗೊತ್ತಿರೋದು ಅಜ್ಜನ ಆಟ.

ಗಡಿಯಾರದ ತೊಂದರೆಯೂ ಅಲ್ಲಿಂದಲೇ ಹುಟ್ಟುತ್ತೆ. ಮೊದಲ ಹತ್ತು ನಡೆಗೆ ಅಪ್ಪ ಎರಡು ನಿಮಿಷ ಕಳೀತಾರೆ, ಯಾಕಂದ್ರೆ ಎದುರಾಳಿಯ ಕಾಲಾಳು ಎರಡು ಮನೆ ಹಾರಿ ಬಂದು ಎದುರಿಗೆ ನಿಂತಾಗಲೆಲ್ಲ ಅವರಿಗೆ ಹೊಸದಾಗಿ ಲೆಕ್ಕ ಹಾಕಬೇಕು. ಅವರಿಗೆ ಇಷ್ಟವಾದ ಕೊನೆಯ ಆಟ ಬರೋ ಹೊತ್ತಿಗೆ ಉಳಿದಿರೋದು ಹದಿನೈದು ಸೆಕೆಂಡು. ಒಂದು ಆಟದಲ್ಲಿ ಎದುರಾಳಿಗೆ ಬರೀ ರಾಜ, ಅಪ್ಪನ ಹತ್ತಿರ ಮಂತ್ರಿ, ಅಪ್ಪನ ಟೈಮ್ ಮುಗೀತು. ಒಂಟಿ ರಾಜನಿಂದ ಎದುರಾಳಿಯ ರಾಜನನ್ನ ಮೇಟ್ ಮಾಡೋಕೆ ಆಗಲ್ಲ, ಹಾಗಾಗಿ ಅದು ಸೋಲಲ್ಲ, ಡ್ರಾ. ಆದ್ರೂ ಅಪ್ಪ ಅವತ್ತು ಊಟ ಸರಿಯಾಗಿ ಮಾಡಲಿಲ್ಲ ಅಂತ ಅಮ್ಮ ಹೇಳಿದಳು.

ಈಗ ಏನು ಮಾಡೋದು? ಯೂಟ್ಯೂಬ್ ತೆರೆದರೆ ಹತ್ತು ನಡೆಯಲ್ಲಿ ಗೆಲ್ಲೋ ಬಲೆಗಳು ಬೇಕಾದಷ್ಟಿವೆ. ಅವನ್ನ ಅಪ್ಪನಿಗೆ ಹೇಳಿಕೊಡಲ್ಲ ಅಂತ ತೀರ್ಮಾನ ಮಾಡಿದೆ. ಇಷ್ಟು ವರ್ಷದ ಕೈಯನ್ನ ಬದಲಾಯಿಸೋ ಹಟ ತಪ್ಪು ಅಂತ ನನ್ನ ನಂಬಿಕೆ. ಆ ಕೈಗೆ ಒಗ್ಗೋ ಆರಂಭ ಹುಡುಕಬೇಕು, ಮತ್ತೆ ಅದು ಇದೆ. ಕುದುರೆ ಎಫ್3ಕ್ಕೆ. ಜಿ3, ಕಾಲಾಳು ಒಂದೇ ಮನೆ. ಒಂಟೆ ಜಿ2ಕ್ಕೆ. ನಾಲ್ಕನೇ ನಡೆಗೆ ಕ್ಯಾಸಲಿಂಗ್. ಐದಕ್ಕೆ ಡಿ3, ಅದೂ ಒಂದೇ ಮನೆ. ಇದಕ್ಕೆ ಕಿಂಗ್ಸ್ ಇಂಡಿಯನ್ ಅಟ್ಯಾಕ್ ಅಂತಾರೆ. ಕಪ್ಪು ಕಾಯಿಯಲ್ಲೂ ಇದೇ ಜೋಡಣೆ ಕಟ್ಟಬಹುದು.

ಆ ಹೆಸರಿನಲ್ಲಿರೋ ಇಂಡಿಯನ್ ಸುಮ್ಮನೆ ಬಂದದ್ದಲ್ಲ. 1850ರ ದಶಕದಲ್ಲಿ ಕಲ್ಕತ್ತಾದಲ್ಲಿ ಜಾನ್ ಕೊಕ್ರೇನ್ ಅನ್ನೋ ಸ್ಕಾಟ್ಲೆಂಡಿನ ವಕೀಲರು ಮಹೇಶ್‌ಚಂದ್ರ ಬ್ಯಾನರ್ಜಿ ಅನ್ನೋರ ಜೊತೆ ಆಡ್ತಿದ್ದರು. ಯುರೋಪಿನವರು ನಡುವಿನ ಕಾಲಾಳನ್ನ ಎರಡು ಮನೆ ನುಗ್ಗಿಸ್ತಿದ್ದ ಕಾಲ. ಬ್ಯಾನರ್ಜಿ ಅವರೋ ಕಾಲಾಳನ್ನ ಒಂದೊಂದೇ ಮನೆ ಸರಿಸಿ, ಒಂಟೆಯನ್ನ ಮೂಲೆಯ ಉದ್ದ ಕರ್ಣದ ಮೇಲೆ ಕೂರಿಸೋರು. ಹಳೇ ನಿಯಮದಲ್ಲಿ ಬೆಳೆದ ಕೈ ಹಾಗೇ ತಾನೇ ಆಡೋದು! ಇಂಡಿಯನ್ ಡಿಫೆನ್ಸ್ ಅನ್ನೋ ಹೆಸರಿಗೆ ಮೂಲ ಆ ಆಟಗಳು.

ಜಗಲಿಯಲ್ಲಿ ಹಳೇ ಮರದ ಮಣೆ ಹಾಕಿ ಅಪ್ಪನಿಗೆ ಈ ಐದು ನಡೆ ತೋರಿಸಿದೆ. ಮೂರು ನಡೆ ಆಗುವಷ್ಟರಲ್ಲಿ ಅಪ್ಪ ನಕ್ಕರು. "ಇದು ನಿನ್ನಜ್ಜನ ಆಟ ಅಲ್ವೇನೇ?" ಅಂದ್ರು. ನಾಲ್ಕನೇ ನಡೆಗೆ ನಾನು ರಾಜನನ್ನ ಎರಡು ಮನೆ ಸರಿಸಿ, ಆನೆಯನ್ನ ಈ ಕಡೆ ಇಟ್ಟೆ. "ಹಾರಿಕೆ ಇಲ್ಲಿಗೆ ಖರ್ಚಾಯ್ತು ಅಂದ್ಕೊಳ್ಳಿ ಅಪ್ಪ. ಮೊದಲೇ ಖರ್ಚು ಮಾಡಿಬಿಡಿ."

ಇನ್ನೊಂದು ಬದಲಾವಣೆ ಸಣ್ಣದು. ಬರೀ ಐದು ನಿಮಿಷದ ಬದಲು ಐದು ನಿಮಿಷ, ಜೊತೆಗೆ ಪ್ರತಿ ನಡೆಗೆ ಮೂರು ಸೆಕೆಂಡ್ ಸೇರೋ ಆಟ. ವಿಶ್ವ ಬ್ಲಿಟ್ಜ್ ಚಾಂಪಿಯನ್‌ಶಿಪ್ಪಿನಲ್ಲೂ ಮೂರು ನಿಮಿಷದ ಜೊತೆ ಪ್ರತಿ ನಡೆಗೆ ಎರಡು ಸೆಕೆಂಡ್ ಸೇರಿಸ್ತಾರೆ. ಆ ಮೂರು ಸೆಕೆಂಡ್ ಸಿಕ್ಕರೆ ಅಪ್ಪನ ಎಣಿಕೆ ನಡೆಯುತ್ತೆ.

ನಾನು ಹೊರಟಿದ್ದು ರಾತ್ರಿ ಬಸ್ಸಿಗೆ. ತರೀಕೆರೆ ದಾಟಿದ ಮೇಲೆ ಫೋನು ಸದ್ದು ಮಾಡಿತು. ಅಪ್ಪ ಒಂದು ಆಟದ ಲಿಂಕ್ ಕಳಿಸಿದ್ರು, ಕೆಳಗೆ ಒಂದೇ ಸಾಲು: "ನಾಲ್ಕನೇ ನಡೆ ನೋಡು." ನೋಡಿದೆ. ಕ್ಯಾಸಲಿಂಗ್. ಆಟ 58 ನಡೆ ಹೋಗಿತ್ತು, ಕೊನೆಗೆ ರಾಜ, ಎರಡು ಕಾಲಾಳು, ಗಡಿಯಾರದಲ್ಲಿ ಒಂಬತ್ತು ಸೆಕೆಂಡು, ಗೆಲುವು. 31ನೇ ನಡೆಯಲ್ಲಿ ಆನೆ ತಪ್ಪು ಸಾಲಿಗೆ ಹೋಗಿತ್ತು. ಅದನ್ನ ಬೆಳಿಗ್ಗೆ ಹೇಳಿದರಾಯ್ತು ಅಂತ ಫೋನ್ ಬ್ಯಾಗಿಗೆ ಹಾಕಿದೆ.