ಬಾಸ್ ಏರಿಸಿದ್ರೆ ಆಂಪ್ ಆಫ್ ಆಗುತ್ತಾ? ಗೇನ್ ಬಿಡಿ, ಓಮ್ ಅಳೆಯಿರಿ

ಕಾರಿನ ಡಿಕ್ಕಿಯಲ್ಲಿ 12 ಇಂಚಿನ ಸಬ್‌ವೂಫರ್, ಅಂದ್ರೆ ಬಾಸ್ ಸ್ಪೀಕರ್. ಪಕ್ಕದಲ್ಲೇ ಎರಡು ಚಾನೆಲ್ ಆಂಪ್ಲಿಫೈಯರ್, ಅಂದ್ರೆ ಆಂಪ್. ಮೆಲ್ಲಗೆ ಹಾಡಿಸಿದ್ರೆ ಏನೂ ತಕರಾರಿಲ್ಲ. ಸ್ವಲ್ಪ ಏರಿಸಿ, ನಾಲ್ಕು ಗುದ್ದು ಬಿದ್ದ ಕೂಡ್ಲೇ ಪ್ರೊಟೆಕ್ಟ್ ಲೈಟ್ ಕೆಂಪಗಾಗುತ್ತೆ, ಬಾಸ್ ಮಾಯ. ಆಗ ಎಲ್ಲರ ಕೈಯೂ ಸೀದಾ ಗೇನ್ ತಿರುಪಿಗೇ ಹೋಗುತ್ತೆ, ಆಂಪ್ ಸಿಗ್ನಲ್ಲನ್ನ ಎಷ್ಟು ಹಿಗ್ಗಿಸಬೇಕು ಅಂತ ಹೇಳೋ ತಿರುಪು ಅದು. ಅದನ್ನ ಕೊನೆಗೆ ಇಟ್ಕೊಳ್ಳಿ.

ಸಬ್‌ನ ಬೆನ್ನು ನೋಡಿ. ಎರಡು ಪ್ಲಸ್, ಎರಡು ಮೈನಸ್. ಅಂದ್ರೆ ಇದು ಡ್ಯುಯಲ್ ಕಾಯಿಲ್, ಒಳಗೆ ಎರಡು ತಂತಿ ಸುರುಳಿ. ಈ ಸಬ್‌ನಲ್ಲಿ ಒಂದೊಂದೂ 4 ಓಮ್. ಓಮ್ ಅಂದ್ರೆ ಕರೆಂಟಿಗೆ ಒಡ್ಡೋ ತಡೆಯ ಅಳತೆ. ಎರಡನ್ನೂ ಪ್ಯಾರಲಲ್ ಮಾಡಿದ್ರೆ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) 2 ಓಮ್, ಸೀರೀಸ್ ಮಾಡಿದ್ರೆ (ಒಂದರ ಹಿಂದೆ ಒಂದು) 8. ಹೇಗೆ ತಿರುಗಾಮುರುಗ ಜೋಡಿಸಿದ್ರೂ ಈ ಒಂದೇ ಸಬ್‌ನ ಎರಡೂ ಕಾಯಿಲ್ ಸೇರಿ 4 ಓಮ್ ಬರಲ್ಲ. ಈಗ ಆಂಪ್ ಮೇಲೆ ಬರೆದಿರೋದನ್ನ ಓದಿ: ಬ್ರಿಡ್ಜ್ ಮಾಡಿದಾಗ (ಎರಡೂ ಚಾನೆಲ್ ಸೇರಿಸಿ ಒಂದೇ ಸಬ್‌ಗೆ ಕೊಟ್ಟಾಗ) 300 ವಾಟ್ ಆರ್‌ಎಂಎಸ್ (ಎಡೆಬಿಡದೆ ಕೊಡಬಲ್ಲ ಪವರ್), ಕನಿಷ್ಠ 4 ಓಮ್. ಪೆಟ್ಟಿಗೆ ಮೇಲಿನ ಸಾವಿರಾರು ವಾಟ್ ಲೆಕ್ಕಕ್ಕಿಲ್ಲ, ಈ ಸಾಲೇ ನಿಜ.

ಇಲ್ಲಿ ಕಾಯಿಲ್‌ಗಳು ಪ್ಯಾರಲಲ್‌ನಲ್ಲಿವೆ. ಕನಿಷ್ಠ 4 ಬೇಕು ಅನ್ನೋ ಆಂಪ್‌ಗೆ 2 ಓಮ್ ಹೊರಿಸಿದ ಹಾಗಾಯ್ತು. 20 ವೋಲ್ಟ್‌ಗೆ 4 ಓಮ್‌ನಲ್ಲಿ 5 ಆಂಪಿಯರ್ ಹರಿದ್ರೆ, 2 ಓಮ್‌ನಲ್ಲಿ 10. ಬ್ರಿಡ್ಜ್‌ನಲ್ಲಿ ಒಂದೊಂದು ಚಾನೆಲ್‌ಗೂ ಆ ಓಮ್‌ನ ಅರ್ಧ ಮಾತ್ರ ಕಾಣೋದು, ಅಂದ್ರೆ ಇಲ್ಲಿ 1 ಓಮ್. ಮೆಲ್ಲಗಿದ್ದಾಗ ಹೇಗೋ ತಡ್ಕೊಳ್ಳುತ್ತೆ. ಜೋರಾದ್ರೆ ತನ್ನನ್ನ ತಾನು ಉಳಿಸ್ಕೊಳ್ಳೋಕೆ ಆಫ್ ಆಗುತ್ತೆ.

ಅಂದಾಜು ಬೇಡ, ಅಳೆದೇ ನೋಡಿ. ಆಂಪ್ ಆಫ್ ಮಾಡಿ ಸ್ಪೀಕರ್ ವೈರ್ ಎರಡನ್ನೂ ಬಿಚ್ಚಿ. ಮಲ್ಟಿಮೀಟರ್ 200 ಓಮ್‌ನಲ್ಲಿರಲಿ. ಮೊದಲು ಎರಡು ಕಡ್ಡೀನೂ ಒಂದಕ್ಕೊಂದು ಮುಟ್ಟಿಸಿ: 0.3. ಅದು ಮೀಟರ್ ವೈರಿನದ್ದೇ, ಆಮೇಲೆ ಕಳೀಬೇಕು. ಈಗ ಸ್ಪೀಕರ್ ವೈರಿನ ತುದಿಗೆ ಇಡಿ: 2.1. ಕಳೆದ್ರೆ 1.8. 2 ಓಮ್ ಲೋಡ್ ಮೀಟರ್‌ನಲ್ಲಿ ಹೀಗೆ ಸ್ವಲ್ಪ ಕಡಿಮೆಯೇ ತೋರಿಸೋದು. ಒಂಟಿ 4 ಓಮ್ ಕಾಯಿಲ್ ಸಾಮಾನ್ಯವಾಗಿ 3.2ರಿಂದ 3.8. ಕಾಯಿಲ್ ಹಾಳಾಗಿದೆ ಅಂತ ಗಾಬರಿಯಾಗಬೇಡಿ. ಅಳೆಯುವಾಗ ಕೋನ್ ಮುಟ್ಟಬೇಡಿ, ಅದು ಅಲುಗಿದ್ರೆ ಕಾಯಿಲ್‌ನಲ್ಲೇ ವೋಲ್ಟೇಜ್ ಹುಟ್ಟಿ ಅಂಕಿ ಕುಣಿಯುತ್ತೆ.

ಕಳೆದ ಮೇಲೆ ಸೊನ್ನೆ ಹತ್ರ ಉಳಿದ್ರೆ ಎಲ್ಲೋ ಶಾರ್ಟ್ ಇದೆ. ಟರ್ಮಿನಲ್‌ಗೆ ಟಾರ್ಚ್ ಬಿಡಿ. ಕೂದಲಿನಷ್ಟು ತೆಳ್ಳಗಿನ ಒಂದು ತಾಮ್ರದ ಎಳೆ ಪ್ಲಸ್‌ನಿಂದ ಮೈನಸ್‌ಗೆ ಒರಗಿರುತ್ತೆ, ಅಷ್ಟು ಸಾಕು. ಓಎಲ್ ಅಂತ ಬಂದ್ರೆ ಎಲ್ಲೋ ತುಂಡಾಗಿದೆ, ಕಾಯಿಲ್ ಬಳಿಯೇ ನೇರ ಅಳೆದು ತುಂಡಾಗಿರೋದು ವೈರಾ, ಕಾಯಿಲಾ ಅಂತ ತಿಳ್ಕೊಳ್ಳಿ.

ಈಗ ಸೀರೀಸ್. ಆಂಪ್ ಪ್ಲಸ್‌ನಿಂದ ಮೊದಲ ಕಾಯಿಲ್ ಪ್ಲಸ್‌ಗೆ, ಅದರ ಮೈನಸ್‌ನಿಂದ ಎರಡನೇ ಕಾಯಿಲ್ ಪ್ಲಸ್‌ಗೆ ಒಂದು ಗೇಣಿನ ತುಂಡು ವೈರ್, ಎರಡನೆಯದರ ಮೈನಸ್ ವಾಪಸ್ ಆಂಪ್‌ಗೆ, ಬ್ರಿಡ್ಜ್ ಅಂತ ಗೆರೆ ಎಳೆದಿರೋ ತಿರುಪಿಗೆ. ಮೀಟರ್ 7.5 ತೋರಿಸುತ್ತೆ, ಕಳೆದ್ರೆ 7.2. ಪವರ್ ಹೆಚ್ಚುಕಡಿಮೆ 150 ವಾಟ್‌ಗೆ ಇಳಿಯುತ್ತೆ, ನಿಜ. ಆದ್ರೆ ಪವರ್ ಅರ್ಧ ಆದ್ರೆ ಸದ್ದು ಅರ್ಧ ಆಗಲ್ಲ, 3 ಡೆಸಿಬೆಲ್ ಕಡಿಮೆ ಅಷ್ಟೇ. ಖರ್ಚಿಲ್ಲದ ರಿಪೇರಿಗೆ ಇದು ದೊಡ್ಡ ನಷ್ಟ ಅಲ್ಲ. ಪೂರ್ತಿ 300 ಬೇಕೇ ಬೇಕು ಅನ್ನೋರು ಬೆಂಗಳೂರಿನ ಜೆ.ಸಿ. ರಸ್ತೆ ಅಂಗಡೀಲಿ ಕೇಳಬೇಕಾದ್ದು 2 ಓಮ್ ಡ್ಯುಯಲ್ ಕಾಯಿಲ್. ಅದು ಸೀರೀಸ್‌ನಲ್ಲಿ ಸರಿಯಾಗಿ 4.

ಮೀಟರ್‌ಗೆ ಸಿಗದ ತಪ್ಪು ಒಂದಿದೆ. ಒಂದು ಕಾಯಿಲ್ ಉಲ್ಟಾ ಆದ್ರೂ ಓಮ್ ಅದೇ ಬರುತ್ತೆ, ಆದ್ರೆ ಎರಡು ಕಾಯಿಲ್ ಎದುರುಬದುರು ಎಳೆದಾಡಿ ಸದ್ದೇ ಹೊರಡಲ್ಲ. ವೈರ್ ಬಿಚ್ಚಿ 1.5 ವೋಲ್ಟ್ ಪೆನ್ ಸೆಲ್ ಒಂದೊಂದೇ ಕಾಯಿಲ್‌ಗೆ ಒಂದು ಕ್ಷಣ ಮುಟ್ಟಿಸಿ, ಪ್ಲಸ್‌ಗೆ ಪ್ಲಸ್. ಎರಡೂ ಸಲ ಕೋನ್ ಒಂದೇ ದಿಕ್ಕಿಗೆ, ಸಾಮಾನ್ಯವಾಗಿ ಹೊರಕ್ಕೆ, ಜಿಗಿಯಬೇಕು.

ಓಮ್ ಸರಿಯಿದ್ದೂ ಆಫ್ ಆಗ್ತಿದ್ರೆ ಕರೆಂಟಿನ ದಾರಿ ನೋಡಿ. ಇಂಜಿನ್ ಓಡ್ತಿರುವಾಗ ಆಂಪ್‌ನ ಪವರ್ ತಿರುಪಿನಲ್ಲಿ 14 ವೋಲ್ಟ್ ಆಸುಪಾಸು ಇರಬೇಕು. ಗುದ್ದು ಬಿದ್ದಾಗ 12ಕ್ಕಿಂತ ಕೆಳಗಿಳಿದ್ರೆ ಹೆಚ್ಚಾಗಿ ಅರ್ತಿಂಗೇ (ಆಂಪ್ ಮೈನಸ್‌ನಿಂದ ಕಾರಿನ ಬಾಡಿಗೆ ಹೋಗೋ ವೈರ್) ಕಾರಣ. ಪೇಂಟ್ ಮೇಲೇ ಬೋಲ್ಟ್ ಬಿಗಿದಿರ್ತಾರೆ. ಬಿಳಿ ಲೋಹ ಕಾಣೋ ತನಕ ಉಜ್ಜಿ, ವೈರ್ ಒಂದೂವರೆ ಅಡಿ ಮೀರದಿರಲಿ, ಸೀಟ್‌ಬೆಲ್ಟ್ ಬೋಲ್ಟ್‌ಗೆ ಮಾತ್ರ ಕೈ ಹಾಕಬೇಡಿ. ಪವರ್ ವೈರಿನ ಎಳೆಯನ್ನ ಬ್ಲೇಡಿನಿಂದ ಕೆರೆದಾಗ ಒಳಗೆ ಬೆಳ್ಳಗಿದ್ರೆ ತಾಮ್ರ ಬಳಿದ ಅಲ್ಯೂಮಿನಿಯಂ ಇರಬಹುದು. ಅದಕ್ಕೆ ಒಂದು ಸೈಜ್ ದಪ್ಪ ಬೇಕು. ಫ್ಯೂಸ್ ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೇ ಇರಲಿ, ಅದು ಆಂಪ್ ಕಾಯೋಕಲ್ಲ, ವೈರಿಗೆ ಬೆಂಕಿ ಹತ್ತದಿರೋಕೆ.

ಈಗ ಗೇನ್. ಸಬ್ ವೈರ್ ಮತ್ತೆ ಬಿಚ್ಚಿ, ಬಾಸ್ ಬೂಸ್ಟ್ ಸೊನ್ನೆ, ಗೇನ್ ಪೂರ್ತಿ ಕೆಳಗೆ. ಇಂಜಿನ್ ಓಡ್ತಿರಲಿ, ಸ್ಟೀರಿಯೋ ಮುಕ್ಕಾಲು ವಾಲ್ಯೂಮ್‌ನಲ್ಲಿ 50 ಹರ್ಟ್ಸ್ ಟೋನ್ ಹಾಕಿ. ಮೀಟರ್ ಎಸಿ ವೋಲ್ಟ್‌ಗೆ ಇಟ್ಟು ಬ್ರಿಡ್ಜ್ ತಿರುಪುಗಳಿಗೆ ಹಿಡೀರಿ. 300 ವಾಟ್ ಗುಣಿಸು 4 ಓಮ್, ಅದರ ವರ್ಗಮೂಲ 34.6. 8 ಓಮ್‌ಗೆ 150 ವಾಟ್ ಹಾಕಿ ನೋಡಿದ್ರೂ ಅದೇ 34.6. ಗೇನ್ ನಿಧಾನಕ್ಕೆ ತಿರುಗಿಸ್ತಾ 34 ಬಂದಾಗ ಕೈ ತೆಗೀರಿ, ಟೋನ್ ನಿಲ್ಲಿಸಿ, ಆಂಪ್ ಆಫ್ ಮಾಡಿ, ಸಬ್ ವೈರ್ ಮತ್ತೆ ಬಿಗೀರಿ.